ದರಪಟ್ಟಿಯಲ್ಲಿ ಮೂರು ಕಂಪನಿ, ಕಂಬದಲ್ಲಿ ಒಂದೇ ಕೇಬಲು

ಪ್ರಕರಣ ಅಧ್ಯಯನ: ಪೆರ್ಲದ ಒಳದಾರಿಯೊಂದರ 11 ಮನೆಗಳು

ಕೇರಳದ ಗಡಿ ಜಿಲ್ಲೆ ಕಾಸರಗೋಡಿನಲ್ಲಿ, ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬದಿಯಡ್ಕ ದಾಟಿ ಪೆರ್ಲದ ಕಡೆಗೆ ಹೋಗುವಾಗ ಎರಡೂ ಬದಿಗೆ ಒಳದಾರಿಗಳು ಇಳಿಯುತ್ತವೆ. ಅಂಥದೊಂದು ದಾರಿಗೆ ಇಂಟರ್‌ನೆಟ್ ಬಂದ ವಿಷಯ ಇದು. ಮುಖ್ಯರಸ್ತೆಯಿಂದ ಕೊನೆಯ ಮನೆಗೆ 1.9 ಕಿ.ಮೀ.; ನಡುವೆ ಒಂದು ಗುಡ್ಡೆ, ಒಂದು ತೋಡು, ಉಳಿದದ್ದೆಲ್ಲ ಅಡಿಕೆ ತೋಟ. ಮನೆ 11, ವಿದ್ಯುತ್ ಕಂಬ 42. ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು ಕಡೆಯ ದಾರಿಗಳಲ್ಲಿ ಮತ್ತೆ ಮತ್ತೆ ಎದುರಾಗುವುದನ್ನು ಲೆಕ್ಕ ಹಾಕಲು ಅನುಕೂಲವಾಗಲೆಂದು ಒಂದೇ ದಾರಿಗೆ ಸೇರಿಸಿ ಬರೆದ ಮಾದರಿ ಪ್ರಕರಣ ಇದು. ಮನೆ, ಕಂಬ, ದೂರದ ಅಂಕಿಗಳು ಮಾದರಿಯವು. ನಿಯಮ, ಇಸವಿ, ಕಂಪನಿಗಳ ದರ ಮಾತ್ರ ಇದ್ದದ್ದು ಇದ್ದ ಹಾಗೆ.

ಈ ಮನೆಗಳಿಗೆ ಬೇಕಾದದ್ದು ದೊಡ್ಡದೇನೂ ಅಲ್ಲ. ತಿಂಗಳಿಗೆ ಇಷ್ಟು ಎಂದು ಕೊಟ್ಟುಬಿಡಬೇಕು, ಆಮೇಲೆ ಜಿಬಿ ಎಣಿಸುತ್ತಾ ಕೂರಬಾರದು. ಒಂದು ಮನೆಯ ಮಗಳು ಬೆಂಗಳೂರಿನ ಕಂಪನಿಯ ಕೆಲಸವನ್ನು ಚಾವಡಿಯಲ್ಲೇ ಕೂತು ಮಾಡುತ್ತಾಳೆ. ಎರಡು ಮನೆಗಳಲ್ಲಿ ಪರೀಕ್ಷೆಯ ಮಕ್ಕಳು. ನಾಲ್ಕು ಮನೆಗಳಲ್ಲಿ ವಯಸ್ಸಾದವರಿಬ್ಬರೇ. ಅವರಿಗೆ ಸಂಜೆ ಗಲ್ಫಿನಿಂದ ಮಗನ ವೀಡಿಯೋ ಕಾಲ್, ರಾತ್ರಿ ಯಕ್ಷಗಾನ. ಮೊಬೈಲ್ ಸಿಗ್ನಲ್ ಗುಡ್ಡೆಯ ನೆತ್ತಿಯಲ್ಲಿ ಮೂರು ಕಡ್ಡಿ, ಅಂಗಳದಲ್ಲಿ ಒಂದು, ಅಡುಗೆಮನೆಯಲ್ಲಿ ಸೊನ್ನೆ. ತಾಮ್ರದ ಲ್ಯಾಂಡ್‌ಲೈನ್ ಸತ್ತು ವರ್ಷಗಳಾದವು. ಅದರ ಕಂಬಗಳು ಮಾತ್ರ ಬಳ್ಳಿ ಹಬ್ಬಿಕೊಂಡು ನಿಂತಿವೆ.

ಎಣಿಸದೆ ಬಳಸುವ ಆಸೆ ಹಳೆಯದು. 1995ರ ಆಗಸ್ಟ್ 15ಕ್ಕೆ ಆಗಿನ ಸರಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲು ತೊಡಗಿತು. ಟೆಲಿಫೋನ್ ತಂತಿಯಲ್ಲೇ ಕರೆ ಮಾಡಿ ಜೋಡಿಸುವ ಡಯಲ್-ಅಪ್ ಇದ್ದಷ್ಟು ಕಾಲವೂ ಬಳಕೆದಾರರು ಎರಡು ಕಡೆ ದುಡ್ಡು ಕೊಟ್ಟರು: ಗಂಟೆ ಲೆಕ್ಕದಲ್ಲಿ ಇಂಟರ್‌ನೆಟ್ ಕಂಪನಿಗೆ, ಕರೆಯ ಲೆಕ್ಕದಲ್ಲಿ ಟೆಲಿಫೋನಿಗೆ. 1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಪರವಾನಗಿಯ ಬಾಗಿಲು ತೆರೆದಾಗ ಮೊದಲನೆಯ ಖರ್ಚು ಇಳಿಯಿತು. ಎರಡನೆಯದಕ್ಕೆ ಆ ಪೈಪೋಟಿ ಮುಟ್ಟಲಿಲ್ಲ, ಮನೆಗೆ ಬರುವ ತಂತಿ ಒಬ್ಬರದೇ ಆಗಿತ್ತಲ್ಲ.

ಆ ತಂತಿಯನ್ನು ಬೇರೆಯವರಿಗೂ ಬಾಡಿಗೆಗೆ ಕೊಡಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2004ರ ಏಪ್ರಿಲಿನಲ್ಲಿ ಶಿಫಾರಸು ಮಾಡಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಬ್ರಾಡ್‌ಬ್ಯಾಂಡ್ ನೀತಿ ಆ ಶಿಫಾರಸನ್ನು ಕಡ್ಡಾಯ ಮಾಡಲಿಲ್ಲ. ಈ ಪ್ರಕರಣದ ಬೇರು ಅಲ್ಲಿದೆ ಎಂದರೆ ತಪ್ಪಾಗದು. ನೀತಿ ಮಾಡಿದ್ದು ವೇಗದ ಕನಿಷ್ಠ ಗೆರೆ ಎಳೆದದ್ದು: 256 ಕೆಬಿಪಿಎಸ್. ಅದು 2013ರಲ್ಲಿ 512 ಆಯಿತು, 2023ರ ಜನವರಿಯಲ್ಲಿ 2 ಎಂಬಿಪಿಎಸ್. 2005ರಲ್ಲಿ ಬಿಎಸ್‌ಎನ್‌ಎಲ್‌ನ ಡಾಟಾವನ್ ಬಂದಾಗ ತಿಂಗಳ ಬಾಡಿಗೆ ಸ್ಥಿರವಾಗಿತ್ತು, ಆದರೆ ಎಂಬಿಗೆ ಮಿತಿ ಇತ್ತು. ಮಿತಿ ದಾಟಿದರೆ ಎಂಬಿಗಿಷ್ಟು ಎಂದು ಬಿಲ್ಲು ಏರುತ್ತಿತ್ತು. ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಲೆಕ್ಕವಿಲ್ಲ ಎಂಬ ಪ್ಲಾನಿಗಾಗಿ ಅಲಾರಂ ಇಟ್ಟು ಎದ್ದು ಡೌನ್‌ಲೋಡಿಗೆ ಹಾಕಿದವರು ಈಗಲೂ ಊರೂರಲ್ಲಿ ಸಿಗುತ್ತಾರೆ.

ಈ ಲೆಕ್ಕದ ಸ್ಥಿರ ದರದ ಅಂಕಿಗಳು ಬಂದದ್ದು 2020ರಲ್ಲಿ, ಒಂದೇ ತಿಂಗಳ ಅಂತರದಲ್ಲಿ. ಜಿಯೋ 399ಕ್ಕೆ 30 ಎಂಬಿಪಿಎಸ್, ಏರ್‌ಟೆಲ್ 499ಕ್ಕೆ 40, ಅಕ್ಟೋಬರ್ 1ರಿಂದ ಬಿಎಸ್‌ಎನ್‌ಎಲ್ 449ಕ್ಕೆ 30. ಮೂರಕ್ಕೂ ಮೇಲೆ ಶೇ 18 ಜಿಎಸ್‌ಟಿ. 449 ಎಂದರೆ ಕೈಯಿಂದ ಹೋಗುವುದು 530. ಮೂವರೂ "ಅನ್‌ಲಿಮಿಟೆಡ್" ಎಂದರು, ಮೂವರ ಮಿತಿಯೂ 3300 ಜಿಬಿ. ಪೈಪೋಟಿ ಹೀಗೆಯೇ ಇರುತ್ತದೆ: ಒಬ್ಬರು ಹಾಕಿದ ಅಂಕಿಯ ಪಕ್ಕದಲ್ಲೇ ಮತ್ತೊಬ್ಬರು ಚಾಪೆ ಹಾಸುತ್ತಾರೆ.

3300 ಎಂದರೆ ಎಷ್ಟು ಎಂದು 11 ಮನೆಗಳಲ್ಲಿ ಯಾರೂ ಲೆಕ್ಕ ಹಾಕಿರುವುದಿಲ್ಲ, ಹಾಕಬೇಕು. 30 ಎಂಬಿಪಿಎಸ್ ಲೈನು ಗಂಟೆಗೆ ಹೆಚ್ಚೆಂದರೆ 13.5 ಜಿಬಿ ಎಳೆಯುತ್ತದೆ, ದಿನಕ್ಕೆ 324. ಹಗಲೂ ರಾತ್ರಿ ಪೂರ್ತಿ ವೇಗದಲ್ಲಿ ಎಳೆದರೆ 3300 ಮುಗಿಯಲು ಹತ್ತು ದಿನ ಬೇಕು. ಮನೆಯ ಬಳಕೆ ಹಾಗಿರುವುದಿಲ್ಲ. ಟಿವಿಯಲ್ಲಿ ಎಚ್‌ಡಿ ವೀಡಿಯೋ ಗಂಟೆಗೆ ಸುಮಾರು 3 ಜಿಬಿ. ಐದು ಗಂಟೆಗೆ 15. ಕೆಲಸದ ವೀಡಿಯೋ ಮೀಟಿಂಗು ಗಂಟೆಗೆ ಒಂದು ಜಿಬಿಯ ಆಸುಪಾಸು, ದಿನಕ್ಕೆ 6 ಎಂದಿಟ್ಟುಕೊಳ್ಳಿ. ನಾಲ್ಕು ಫೋನು ಸೇರಿ 8. ಒಟ್ಟು ದಿನಕ್ಕೆ 29, ತಿಂಗಳಿಗೆ 870 ಜಿಬಿ. ಇದು ಈ ದಾರಿಯ ಅತಿ ಹೆಚ್ಚು ಬಳಸುವ ಮನೆ. ಫೈಬರಿನ, ಅಂದರೆ ಬೆಳಕು ಹರಿಯುವ ಗಾಜಿನ ಎಳೆಯ, 3300 ಇವರಿಗೆ ಮಿತಿಯೇ ಅಲ್ಲ. ಆದರೆ 2023ರ ಸೆಪ್ಟೆಂಬರ್ 19ರಂದು 599 ರೂಪಾಯಿಗೆ 30 ಎಂಬಿಪಿಎಸ್ ಎಂದು ಬಂದ ಜಿಯೋ ಏರ್‌ಫೈಬರಿನ ಮಿತಿ 1000 ಜಿಬಿ ಇತ್ತು. ಅದರಲ್ಲಿ ಇದೇ ಮನೆಗೆ ಉಳಿಯುವುದು 130 ಜಿಬಿ ಮಾತ್ರ, ಬಳಕೆ ಸ್ವಲ್ಪ ಏರಿದರೆ ಕೊನೆಯ ವಾರ ಬಿಸಿ ಮುಟ್ಟಬಹುದು. ಗಾಳಿಯಲ್ಲಿ ಬರುವುದನ್ನು ಮೊಬೈಲ್ ಗೋಪುರದ ಕೆಳಗಿರುವವರೆಲ್ಲ ಹಂಚಿಕೊಳ್ಳುವುದರಿಂದ ಆ ಮಿತಿ ಸಣ್ಣದು. ಅಲ್ಲದೆ ಗೋಪುರಕ್ಕೂ ಮನೆಗೂ ನಡುವೆ ಈ ದಾರಿಯ ಗುಡ್ಡೆ ಕೂತಿದೆ. ಆ್ಯಂಟೆನಾ ಮಾಡಿನ ಮೇಲೆ ಹಾಕಿದರೂ ಮೂರು ಮನೆಗೆ ಬಿಟ್ಟು ಉಳಿದವರಿಗೆ ಪ್ರಯೋಜನವಿಲ್ಲ.

ಮಿತಿಯ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. 2016ರ ಅಕ್ಟೋಬರಿನಲ್ಲಿ ಟ್ರಾಯ್ ಕೊಟ್ಟ ನಿರ್ದೇಶನದ ಪ್ರಕಾರ ಮಿತಿ ಎಷ್ಟು, ದಾಟಿದ ಮೇಲೆ ವೇಗ ಎಷ್ಟು ಎಂಬುದನ್ನು ಪ್ಲಾನಿನ ಜೊತೆಯಲ್ಲೇ ಹೇಳಬೇಕು. ಬಳಕೆ ಶೇ 50, 90, 100 ತಲುಪಿದಾಗ ತಿಳಿಸಬೇಕು. ಸ್ಥಿರ ಬ್ರಾಡ್‌ಬ್ಯಾಂಡಿನ ವೇಗವನ್ನು 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸಬಾರದು. 2016ರ ಫೆಬ್ರವರಿ 8ರ ನಿಯಮ ಇನ್ನೂ ಮೂಲದ್ದು: ಯಾವ ವೆಬ್‌ಸೈಟ್, ಯಾವ ಆ್ಯಪ್ ಎಂದು ನೋಡಿ ಡಾಟಾಕ್ಕೆ ಬೇರೆ ಬೇರೆ ದರ ಹಾಕುವಂತಿಲ್ಲ. ಆದರೆ ದರ ಎಷ್ಟಿರಬೇಕು ಎಂದು ಟ್ರಾಯ್ ಹೇಳುವುದಿಲ್ಲ. ಕಂಪನಿ ತನಗೆ ಬೇಕಾದ ದರ ಹಾಕಿ ಏಳು ಕೆಲಸದ ದಿನಗಳೊಳಗೆ ಟ್ರಾಯ್‌ಗೆ ವರದಿ ಮಾಡಿದರೆ ಸಾಕು. ಪೈಪೋಟಿಯೇ ದರ ನೋಡಿಕೊಳ್ಳುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಪೈಪೋಟಿ ಇರುವ ಊರಿನಲ್ಲಿ ನಂಬಿಕೆ ಸುಳ್ಳಾಗಿಲ್ಲ. ಮೊಬೈಲಿನಲ್ಲಿ ಖಾಸಗಿಯವರು ಮೂವರೇ ಉಳಿದ ಮೇಲೆ 2024ರ ಜುಲೈ ಮೊದಲ ವಾರ ಮೂವರೂ ಒಟ್ಟಿಗೆ ದರ ಏರಿಸಿದ್ದನ್ನೂ ಕಂಡಿದ್ದೇವೆ.

ಇನ್ನು ಕಂಬಕ್ಕೆ ಬರೋಣ.

ಈ ದಾರಿಯ 42 ಕಂಬಗಳೂ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯವು. ಅವುಗಳ ಮೇಲೆ ಫೈಬರ್ ಎಳೆದವರು ಒಬ್ಬರೇ, ಟಿವಿ ಕೇಬಲಿನವರು. ಅವರು ಒಂದು ಖಾಸಗಿ ಇಂಟರ್‌ನೆಟ್ ಕಂಪನಿಯ ಏಜೆಂಟರು. ಸರಕಾರಿ ಕಂಪನಿ ಬಿಎಸ್‌ಎನ್‌ಎಲ್‌ನ ಫೈಬರ್ ಸಂಪರ್ಕವೂ ಇಂಥ ಸ್ಥಳೀಯ ಪಾಲುದಾರರ ಕೈಯಿಂದಲೇ ಮನೆಗೆ ಬರುತ್ತದೆ, ವರಮಾನದಲ್ಲಿ ಪಾಲು ಹಂಚಿಕೊಂಡು. ರಾಜ್ಯದ ಕೆ-ಫೋನ್ ಕೂಡ ಕೊನೆಯ ತುಂಡಿಗೆ ಕೇಬಲಿನವರನ್ನೇ ನೆಚ್ಚಿಕೊಂಡಿದೆ. ಹೀಗಾಗಿ ಕರಪತ್ರದಲ್ಲಿ ಮೂರು ಕಂಪನಿಯ ಮೂರು ನಂಬರು. ಯಾವುದಕ್ಕೆ ಫೋನು ಮಾಡಿದರೂ ಬರುವುದು ಅದೇ ಬೈಕು, ಅದೇ ಹುಡುಗ, ಏರುವುದು ಅದೇ ಕಂಬ. ದರ ಬೇರೆ ಆಗಬಹುದು, ಲೈನು ಕಡಿದರೆ ಕಾಯುವ ದಿನ ಬೇರೆ ಆಗುವುದಿಲ್ಲ.

ಕೆ-ಫೋನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಈ ದಾರಿಯವರ ನಿರೀಕ್ಷೆಯೆಲ್ಲ ಅದರ ಮೇಲಿತ್ತು. ಕೆಎಸ್‌ಇಬಿ ಮತ್ತು ರಾಜ್ಯದ ಐಟಿ ಮೂಲಸೌಕರ್ಯ ಕಂಪನಿ ಸೇರಿ ಕಟ್ಟಿದ ಜಾಲ ಅದು, 2023ರ ಜೂನ್ 5ರಂದು ಉದ್ಘಾಟನೆ ಆಯಿತು. ಆರಂಭದ ದರ 299ಕ್ಕೆ 20 ಎಂಬಿಪಿಎಸ್, ಮಿತಿ 3000 ಜಿಬಿ. ಜಿಎಸ್‌ಟಿ ಸೇರಿ 353. ಬಡ ಕುಟುಂಬಗಳಿಗೆ ಉಚಿತ ಎಂಬುದರ ಮೊದಲ ಹಂತ ವಿಧಾನಸಭಾ ಕ್ಷೇತ್ರಕ್ಕೆ 100 ಮನೆ, ರಾಜ್ಯಕ್ಕೆ 14,000. ಕಾಸರಗೋಡು ಜಿಲ್ಲೆಗೆ ಐದು ಕ್ಷೇತ್ರ, ಅಂದರೆ 500 ಮನೆ. ಪೆರ್ಲ ಸೇರಿದ ಮಂಜೇಶ್ವರ ಕ್ಷೇತ್ರದ ಅಷ್ಟೂ ಪಂಚಾಯತುಗಳಿಗೆ ನೂರು ಹಂಚಿದರೆ ಒಂದು ಒಳದಾರಿಗೆ ಎಷ್ಟು ಬರುತ್ತದೆ ಎಂದು ಬೆರಳಿನಲ್ಲಿ ಎಣಿಸಬಹುದು. ಆದರೂ ಕೆ-ಫೋನಿಗೆ ಒಂದು ಬಲವಿದೆ: ಕಂಬದ ಒಡೆಯರೇ ಅದರ ಪಾಲುದಾರರು. ಮುಖ್ಯಜಾಲ ಮುಖ್ಯರಸ್ತೆಯಲ್ಲಿದ್ದು ಒಳದಾರಿಗೆ ಇಳಿಯದಿದ್ದರೆ ಆ ಬಲ ಇಲ್ಲಿಗೆ ತಲುಪುವುದಿಲ್ಲ, ಅಷ್ಟೇ.

ಎರಡನೆಯ ಕಂಪನಿ ಏಕೆ ಬರುವುದಿಲ್ಲ? 1.9 ಕಿ.ಮೀ. ಫೈಬರ್, 42 ಕಂಬದ ಕೊಕ್ಕೆ, ಕಂಬಬಾಡಿಗೆ, ಗಿರಾಕಿ ಹೆಚ್ಚೆಂದರೆ 11. ಬೀದಿಯ ಕಂಬ ಮುಂತಾದವುಗಳ ಮೇಲೆ ತಂತಿ ಎಳೆಯಲು ವರ್ಷಕ್ಕೆ ಒಂದಕ್ಕೆ 100 ರೂಪಾಯಿ ಎಂದು ಕೇಂದ್ರದ ಮಾರ್ಗಹಕ್ಕು ನಿಯಮಕ್ಕೆ 2022ರ ಆಗಸ್ಟಿನಲ್ಲಿ ತಿದ್ದುಪಡಿ ಬಂತು. ಆ ದರದಲ್ಲೇ ಲೆಕ್ಕ ಹಾಕಿದರೂ 42 ಕಂಬಕ್ಕೆ ವರ್ಷಕ್ಕೆ 4,200. 11 ಮನೆಯೂ ಬಂದರೆ ತಿಂಗಳಿಗೆ ಮನೆಯೊಂದಕ್ಕೆ 32 ರೂಪಾಯಿ. ಅರ್ಧ ಮನೆ ಹಳೆಯ ಕೇಬಲಿನವರ ಬಳಿಯೇ ಉಳಿದು ಐದು ಮನೆ ಮಾತ್ರ ಬಂದರೆ 70. 299ರ ಪ್ಲಾನಿನಲ್ಲಿ 70 ಕಂಬಕ್ಕೇ ಹೋದರೆ, ಉಳಿದದ್ದರಲ್ಲಿ ಬ್ಯಾಂಡ್‌ವಿಡ್ತ್, ಹುಡುಗನ ಸಂಬಳ, ಪೆಟ್ರೋಲು, ಕಡಿದ ಲೈನು ಎಲ್ಲ ಆಗಬೇಕು. ಹೀಗಾಗಿ ಮೊದಲು ಎಳೆದವರೇ ಈ ದಾರಿಯ ಒಡೆಯರು. ಫೈಬರನ್ನು ಹಂಚಿಕೊಳ್ಳಲು ನಿಯಮದಲ್ಲಿ ಅನುಮತಿ ಇದೆ, ಹಂಚಿಕೊಳ್ಳಲೇಬೇಕು ಎಂಬ ಬಾಧ್ಯತೆ ಇಲ್ಲ. 2004ರಲ್ಲಿ ತಾಮ್ರದ ತಂತಿಗೆ ಬಿಟ್ಟುಹೋದ ಅದೇ ಕೊಂಡಿ ಫೈಬರಿಗೂ ಬಿಟ್ಟುಹೋಗಿದೆ. ಕೇಬಲಿನವರನ್ನು ಬಯ್ದು ಫಲವಿಲ್ಲ; ಯಾರೂ ಬಾರದ ದಾರಿಗೆ ತಮ್ಮ ದುಡ್ಡು ಹಾಕಿ ಮೊದಲು ಬಂದವರು ಅವರೇ.

ಇಷ್ಟಾದ ಮೇಲೆ 11 ಮನೆಯವರೂ ಅದೇ ಕೇಬಲಿನವರಿಂದ ಬಿಎಸ್‌ಎನ್‌ಎಲ್‌ನ 449ರ ಪ್ಲಾನು ಹಾಕಿಸಿಕೊಂಡರು. ಮೊದಲ ಎರಡು ತಿಂಗಳು ಯಾರದೂ ದೂರಿಲ್ಲ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಶುರುವಾಯಿತು.

ಏನಾಯಿತು ಎಂದು ತಿಳಿಯಲು ಬೆಳಕಿನ ಲೆಕ್ಕ ಗೊತ್ತಿರಬೇಕು. ಪೇಟೆಯ ಕಂಟ್ರೋಲ್ ರೂಮಿನಲ್ಲಿರುವ ಒಎಲ್‌ಟಿ ಎಂಬ ಯಂತ್ರದಿಂದ ಬೆಳಕು ಹೊರಡುತ್ತದೆ. ಮನೆಯ ಪೆಟ್ಟಿಗೆ, ಅಂದರೆ ಒಎನ್‌ಟಿ, ಅದನ್ನು ಹಿಡಿಯುತ್ತದೆ. ನಡುವೆ ವಿದ್ಯುತ್ ಬೇಡದ ಸ್ಪ್ಲಿಟರ್‌ಗಳು ಒಂದು ಎಳೆಯ ಬೆಳಕನ್ನು ಹಲವು ಮನೆಗೆ ಹಂಚುತ್ತವೆ. ಹೀಗೆ ಹಂಚುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಎಳೆಗೆ ಡೌನ್‌ಲೋಡ್ ವೇಗ ಸೆಕೆಂಡಿಗೆ 2.5 ಗಿಗಾಬಿಟ್, ಸಾಮಾನ್ಯವಾಗಿ ಗರಿಷ್ಠ 64 ಮನೆ. ಎಲ್ಲರೂ ಒಟ್ಟಿಗೆ ಎಳೆದರೂ ತಲೆಗೆ 39 ಎಂಬಿಪಿಎಸ್ ಬೀಳುತ್ತದೆ; 30ರ ಪ್ಲಾನಿಗೆ ಕೊರತೆಯಾಗದು. ಸಂಜೆ ಎಲ್ಲರಿಗೂ ಒಟ್ಟಿಗೆ ನಿಧಾನವಾದರೆ ತಪ್ಪನ್ನು ಈ ಎಳೆಯಲ್ಲಿ ಹುಡುಕಬೇಡಿ, ಒಎಲ್‌ಟಿಯಿಂದ ಆಚೆಗೆ ಕಂಪನಿ ಕೊಂಡ ಬ್ಯಾಂಡ್‌ವಿಡ್ತಿನಲ್ಲಿ ಹುಡುಕಿ.

ಈ ದಾರಿಯ ಕೊನೆಯ ಮನೆಗೆ ಬೆಳಕಿನ ನಷ್ಟ, ಡೆಸಿಬೆಲ್ (ಡಿಬಿ) ಲೆಕ್ಕದಲ್ಲಿ, ಹೀಗೆ:

ಒಎಲ್‌ಟಿಯಿಂದ ಕೊನೆಯ ಮನೆಗೆ 8.1 ಕಿ.ಮೀ. ಫೈಬರ್, ಕಿ.ಮೀ.ಗೆ 0.28 ಡಿಬಿಯಂತೆ 2.3
ಮುಖ್ಯರಸ್ತೆಯಲ್ಲಿ 1:8 (ಒಂದನ್ನು ಎಂಟಾಗಿಸುವ) ಸ್ಪ್ಲಿಟರ್ 10.5
ದಾರಿಯ ನಡುವೆ ಇನ್ನೊಂದು 1:8 ಸ್ಪ್ಲಿಟರ್ 10.5
ಯಂತ್ರದಲ್ಲಿ ಬೆಸೆದ 10 ಜೋಡಣೆ, ತಲಾ 0.1ರಂತೆ 1.0
ಕನೆಕ್ಟರ್ 4, ತಲಾ 0.4ರಂತೆ 1.6
ಒಟ್ಟು 25.9 ಡಿಬಿ

ಒಎಲ್‌ಟಿ ಕಳಿಸುವುದು +3 ಡಿಬಿಎಂ (ಬೆಳಕಿನ ಬಲದ ಅಳತೆ, ಅಂಕಿ ಇಳಿದಷ್ಟೂ ಬೆಳಕು ಮಂದ) ಎಂದಾದರೆ ಮನೆಯಲ್ಲಿ ಸಿಗುವುದು −22.9. ಇಂಥ ಯಂತ್ರಗಳ ಸಾಮಾನ್ಯ ದರ್ಜೆಯಾದ ಬಿ-ಪ್ಲಸ್‌ನಲ್ಲಿ ಒಎನ್‌ಟಿ ಹಿಡಿಯುವ ಕೊನೆಯ ಗೆರೆ −27. ಉಳಿತಾಯ 4 ಡಿಬಿ. ಹಾಕಿಸಿದ ದಿನ ಎಲ್ಲ ಚೆನ್ನಾಗಿಯೇ ಇತ್ತು ಎನ್ನುವುದಕ್ಕೆ ಇದೇ ಕಾರಣ.

ಆಟಿಯ (ಜುಲೈ–ಆಗಸ್ಟ್) ಮಳೆಯೊಳಗೆ ಮೂರು ಸಲ ಲೈನು ಕಡಿಯಿತು. ಮೊದಲನೆಯದು ತೆಂಗಿನ ಸೋಗೆ ಬಿದ್ದು, ಎರಡನೆಯದು ಕೆಎಸ್‌ಇಬಿಯವರು ಓರೆಯಾದ ಕಂಬ ಬದಲಿಸುವಾಗ, ಮೂರನೆಯದು ಅಡಿಕೆ ಮರ ಮುರಿದು. ಕಡಿದಲ್ಲೆಲ್ಲ ಒಂದು ತುಂಡು ಕೇಬಲು ಸೇರಿಸಿ ಎರಡು ಕಡೆ ಜೋಡಿಸಿದರು. ಮಳೆಯಲ್ಲಿ, ಏಣಿಯ ಮೇಲೆ, ಬೆಸುಗೆ ಯಂತ್ರ ಇಲ್ಲದೆ ಕೈಯಲ್ಲೇ ಒತ್ತಿ ಕೂರಿಸುವ ಕನೆಕ್ಟರಿನಲ್ಲಿ. ಅದರ ನಷ್ಟ ಚೆನ್ನಾಗಿ ಕೂತರೆ 0.3, ಅವಸರದಲ್ಲಿ ಕೂರಿಸಿದರೆ 0.6, ಕೆಲವೊಮ್ಮೆ 1. ಆರು ಜೋಡಣೆಗೆ 0.6ರಂತೆ 3.6 ಡಿಬಿ. −22.9 ಇದ್ದದ್ದು −26.5 ಆಯಿತು. ಆಮೇಲೆ ಒಂದು ಬಾಕ್ಸಿಗೆ ನೀರು ಹೋಗಿ ಇನ್ನೊಂದು ಡಿಬಿ. −27.5. ಲೈನು ಕಡಿದಿಲ್ಲ, ಆದರೆ ಸಂಪರ್ಕ ಉಳಿಯುತ್ತಿಲ್ಲ. ದೂರು ಕೊಟ್ಟಾಗ ಹುಡುಗ ಬಂದು ನೋಡುವ ಹೊತ್ತಿಗೆ ಬಿಸಿಲಿರುತ್ತದೆ, ಹಸಿರು ದೀಪ ಉರಿಯುತ್ತದೆ, "ಸರಿ ಉಂಟಲ್ಲ ಅಣ್ಣಾ" ಎಂದು ಹೋಗುತ್ತಾನೆ. ಸಂಜೆ ಮಳೆ ಬಂದ ಕೂಡಲೇ ಮತ್ತೆ ಹೋಗುತ್ತದೆ.

ಮನೆಯವರು ನೋಡಬೇಕಾದ ದೀಪ ಎರಡೇ. ಎಲ್‌ಒಎಸ್ ಎಂಬ ದೀಪ ಕೆಂಪಾದರೆ ಬೆಳಕೇ ಬರುತ್ತಿಲ್ಲ, ಎಲ್ಲೋ ಕಡಿದಿದೆ. ಪಾನ್ ದೀಪ ಮಿಣುಕುತ್ತಿದ್ದರೆ ಬೆಳಕು ತೀರ ಮಂದ, ಇಲ್ಲವೇ ಪೆಟ್ಟಿಗೆ ಇನ್ನೂ ಒಎಲ್‌ಟಿಯಲ್ಲಿ ನೋಂದಣಿಯಾಗಿಲ್ಲ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೆಳಕಿನ ಅಂಕಿ. ಬಂದವರ ಕೈಯಲ್ಲಿ ಪವರ್ ಮೀಟರ್ ಇರುತ್ತದೆ, ತೋರಿಸಿ ಎನ್ನಬಹುದು; ಎಷ್ಟೋ ಪೆಟ್ಟಿಗೆಗಳು ತಮ್ಮ ಸೆಟ್ಟಿಂಗ್ ಪುಟದಲ್ಲೇ ಅದನ್ನು ತೋರಿಸುತ್ತವೆ. −25ಕ್ಕಿಂತ ಕೆಳಗಿದ್ದರೆ ಬಿಸಿಲಿದ್ದಾಗಲೇ ಸರಿಮಾಡಿಸಬೇಕು.

ಒಂದು ಎಚ್ಚರ. "ಸ್ಪೀಡಿಲ್ಲ" ಎಂಬ ದೂರುಗಳಲ್ಲಿ ಬಹಳಷ್ಟು ಲೈನಿನದಲ್ಲ, ಗೋಡೆಯದು. ನಮ್ಮ ಕಡೆಯ ಹಳೆ ಮನೆಗಳ ದಪ್ಪ ಕೆಂಪುಕಲ್ಲಿನ ಎರಡು ಗೋಡೆ ದಾಟುವಾಗ ವೈಫೈ ಸೊರಗುತ್ತದೆ. ದೂರು ಕೊಡುವ ಮೊದಲು ಲ್ಯಾನ್ ಕೇಬಲಿನಲ್ಲಿ ಲ್ಯಾಪ್‌ಟಾಪ್ ಜೋಡಿಸಿ ಅಳೆಯಿರಿ. ಅಲ್ಲಿ 28–30 ಬಂದು ಮಲಗುವ ಕೋಣೆಯಲ್ಲಿ 4 ಬಂದರೆ ಕೇಬಲಿನವರ ಮೇಲೆ ಹೊರೆ ಹಾಕಬೇಡಿ, ಪೆಟ್ಟಿಗೆಯನ್ನು ಮನೆಯ ನಡುವೆ ತನ್ನಿ.

ಮಿಂಚಿನ ಮಾತು ಬೇರೆ. ಫೈಬರಿನ ಗಾಜಿನಲ್ಲಿ ಕರೆಂಟು ಹರಿಯದು, ಆದರೆ ಕೇಬಲಿಗೆ ಆಧಾರವಾಗಿ ಕೂಡಿಸಿದ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ಆ ತಂತಿಯನ್ನು ಜಂತಿಯ ಬಳಿಯೇ ಕತ್ತರಿಸಿ ಫೈಬರನ್ನು ಮಾತ್ರ ಒಳಗೆ ತರಬೇಕು. ಪೆಟ್ಟಿಗೆ ಸುಡುವುದು ಹೆಚ್ಚಾಗಿ ಅಡಾಪ್ಟರಿನ ದಾರಿಯಲ್ಲಿ. ಕರೆಂಟು ಹೋದಾಗಿನ ಚಿಂತೆಗೆ ಪರಿಹಾರ ಸುಲಭ: ಪೆಟ್ಟಿಗೆ 12 ವೋಲ್ಟಿನದು, ಎಳೆಯುವುದು ಸುಮಾರು 8 ವ್ಯಾಟ್. 12 ವೋಲ್ಟ್ 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ ಇದೆ. ಮುಕ್ಕಾಲು ಪಾಲು ಬಳಸಿದರೂ ಏಳು ಗಂಟೆ ಬರುತ್ತದೆ. ಪೇಟೆಯ ಒಎಲ್‌ಟಿಗೂ ಅಷ್ಟೇ ಹೊತ್ತು ಬ್ಯಾಟರಿ ಇದ್ದರೆ ಮಾತ್ರ ಇದರಿಂದ ಲಾಭ; ಅದನ್ನು ಹಾಕಿಸುವ ಮೊದಲೇ ಕೇಳಿಟ್ಟುಕೊಳ್ಳಬೇಕು.

ಮೂರನೆಯ ಸಲ ಕಡಿದದ್ದು ಸರಿಯಾಗಲು ಒಂಬತ್ತು ದಿನ ಹಿಡಿಯಿತು. 11 ಮನೆಯವರಲ್ಲಿ ಒಂಬತ್ತು ಮಂದಿ ಹುಡುಗನ ವಾಟ್ಸ್ಆ್ಯಪಿಗೆ ಸಂದೇಶ ಕಳಿಸಿದರು, ಇಬ್ಬರು ಕಂಪನಿಯ ದೂರು ಕೇಂದ್ರಕ್ಕೆ ಫೋನು ಮಾಡಿದರು. ಒಂಬತ್ತು ಮಂದಿಗೆ ಕಾನೂನಿನ ಲೆಕ್ಕದಲ್ಲಿ ಲೈನು ಕೆಟ್ಟೇ ಇಲ್ಲ. ದೂರು ಎಂದರೆ ಕಂಪನಿ ಕೊಡುವ ಡಾಕೆಟ್ ನಂಬರ್. ಅದು ಇಲ್ಲದಿದ್ದರೆ ದಿನ ಎಣಿಸಲು ಶುರುವಾಗುವುದೇ ಇಲ್ಲ. ಕಂಪನಿಯ ಸಂದೇಶ ಇಂಗ್ಲಿಷಿನಲ್ಲಿ ಬರಲಿ ಮಲಯಾಳದಲ್ಲಿ ಬರಲಿ, ಆ ಅಂಕಿ ಅಂಕಿಯೇ. ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆದಿಡಬೇಕು.

ಬ್ರಾಡ್‌ಬ್ಯಾಂಡ್ ಗುಣಮಟ್ಟದ 2006ರ ನಿಯಮದಲ್ಲಿ ಬಾಡಿಗೆ ಕಡಿತಕ್ಕೆ ಮೂರು ಮೆಟ್ಟಿಲು ಇತ್ತು. ಮೂರು ಕೆಲಸದ ದಿನ ಮೀರಿ ಏಳರೊಳಗೆ ಸರಿಯಾದರೆ ಏಳು ದಿನದ ಬಾಡಿಗೆ ವಾಪಸು. ಏಳು ಮೀರಿ ಹದಿನೈದರೊಳಗಾದರೆ ಹದಿನೈದು ದಿನದ್ದು. ಹದಿನೈದು ಮೀರಿದರೆ ಒಂದು ತಿಂಗಳದ್ದು. 2024ರ ಆಗಸ್ಟಿನಲ್ಲಿ ಬಂದು ಅಕ್ಟೋಬರ್ 1ರಿಂದ ಜಾರಿಯಾದ ಹೊಸ ನಿಯಮ ಹಳೆಯದರ ಜಾಗ ಹಿಡಿದಿದೆ. ಮೂರು ದಿನ ಮೀರಿದರೆ ಪರಿಹಾರ ಎಂಬ ತತ್ವ ಅದರಲ್ಲೂ ಇದೆ, ಮುಂಗಡ ಕಟ್ಟಿದವರಿಗೂ ಅನ್ವಯಿಸುತ್ತದೆ. ದುಡ್ಡು ಕಟ್ಟಿದ ಏಳು ದಿನದೊಳಗೆ ಸಂಪರ್ಕ ಕೊಡಬೇಕು ಎಂಬ ಗುರಿಯೂ ಅದರಲ್ಲಿದೆ. ಒಂಬತ್ತೂ ಕೆಲಸದ ದಿನ ಎಂದಿಟ್ಟುಕೊಂಡು ಹಳೆಯ ಮೆಟ್ಟಿಲಿನಂತೆ ಎಣಿಸಿದರೆ ಹದಿನೈದು ದಿನದ ಬಾಡಿಗೆ, 449ರಲ್ಲಿ 224 ರೂಪಾಯಿ 50 ಪೈಸೆ. ಸಣ್ಣ ಮೊತ್ತ ಎನ್ನಬೇಡಿ. 11 ಮನೆಯವರೂ ಕೇಳಿದರೆ 2,470 ಆಗುತ್ತದೆ, ಒಳ್ಳೆಯ ಬೆಸುಗೆ ಯಂತ್ರವನ್ನು ಒಂದು ಹಗಲಿಗೆ ತರಿಸಲು ಕಂಪನಿ ಯೋಚಿಸುವಷ್ಟು.

ದೂರು ಕೇಂದ್ರದಲ್ಲಿ ಆಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬೇಕು, ಶುಲ್ಕವಿಲ್ಲ. 39 ದಿನದೊಳಗೆ ತೀರ್ಮಾನ ಆಗಬೇಕು. ಇದು 2012ರ ದೂರು ಪರಿಹಾರ ನಿಯಮ. ಆ ಪ್ರಾಧಿಕಾರವೂ ಕಂಪನಿಯದೇ ಎನ್ನುವುದು ಈ ನಿಯಮದ ಬಡಕಲು ಭಾಗ. ಟ್ರಾಯ್‌ಗೆ ಬರೆದರೆ ಒಬ್ಬೊಬ್ಬರ ದೂರನ್ನು ಅದು ವಿಚಾರಿಸುವುದಿಲ್ಲ, ಕಂಪನಿಗೆ ದಾಟಿಸುತ್ತದೆ ಅಷ್ಟೇ. ಆಮೇಲೆ ಉಳಿಯುವುದು ಗ್ರಾಹಕ ಆಯೋಗ. ದೂರಸಂಪರ್ಕದ ದೂರು ಇಲ್ಲಿ ನಡೆಯುವುದಿಲ್ಲ ಎಂದು ಕಂಪನಿಗಳು ವರ್ಷಗಟ್ಟಲೆ ವಾದಿಸಿದವು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನಡೆಯುತ್ತದೆ ಎಂದು ತೀರ್ಪು ಕೊಟ್ಟ ಮೇಲೆ ಆ ವಾದ ಮುಗಿಯಿತು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಕಾಸರಗೋಡಿನಲ್ಲೇ ಜಿಲ್ಲಾ ಆಯೋಗವಿದೆ.

ಗಡಿಯ ಒಂದು ತೊಡಕನ್ನೂ ಹೇಳಬೇಕು, ಪೆರ್ಲದಿಂದ ಅಡ್ಕಸ್ಥಳದ ಕಡೆಗೆ ಹೋದಷ್ಟೂ ಇದು ಎದುರಾಗುತ್ತದೆ. ಆಚೆ ಕರ್ನಾಟಕದ ಅಡ್ಯನಡ್ಕದಲ್ಲಿ ಫೈಬರ್ ಬಂದಿದೆ, ಮನೆಯಿಂದ ಕಣ್ಣಿಗೆ ಕಾಣುವ ದೂರ. ಅಲ್ಲಿಂದಲೇ ಎಳೆಯಬಹುದಲ್ಲ ಎಂದು ಕೇಳುವವರಿದ್ದಾರೆ. ಇಂಟರ್‌ನೆಟ್ ಪರವಾನಗಿಗಳು ಮೂರು ದರ್ಜೆಯಲ್ಲಿ ಬಂದವು: ಎ ಇಡೀ ದೇಶಕ್ಕೆ, ಬಿ ಒಂದು ಟೆಲಿಕಾಂ ವೃತ್ತಕ್ಕೆ (ಹೆಚ್ಚುಕಡಿಮೆ ಒಂದು ರಾಜ್ಯಕ್ಕೆ), ಸಿ ಅದರೊಳಗಿನ ಸಣ್ಣ ಪ್ರದೇಶಕ್ಕೆ. ಕರ್ನಾಟಕ ವೃತ್ತದ ಬಿ ಪರವಾನಗಿಯವರು ಕೇರಳದೊಳಗಿನ ಮನೆಗೆ ಸಂಪರ್ಕ ಕೊಡುವಂತಿಲ್ಲ, ನಡುವೆ ಒಂದೇ ಗದ್ದೆ ಇದ್ದರೂ. ದೇಶವ್ಯಾಪಿ ಪರವಾನಗಿಯವರು ಕೊಡಬಹುದು. ಆದರೆ ಅವರ ಲೆಕ್ಕದಲ್ಲಿ ಈ ಮನೆ ಬೇರೆ ವೃತ್ತದ್ದು, ಬೇರೆ ಕಚೇರಿಯದ್ದು. ಮಂಗಳೂರಿನ ಕಚೇರಿಗೆ ಫೋನು ಮಾಡಿದರೆ ಕೇರಳಕ್ಕೆ ಮಾಡಿ ಎನ್ನುತ್ತಾರೆ. ಗಡಿಯವರಿಗೆ ಈ ಮಾತೇನೂ ಹೊಸದಲ್ಲ.

ಹಾಗಾದರೆ ಕಂಬ ಒಬ್ಬರದೇ ಆಗಿರುವಾಗ 11 ಮನೆಯವರ ಕೈಯಲ್ಲಿ ಏನಿದೆ? ಒಟ್ಟಿಗೆ ಇರುವುದು. ಬೇರೆ ಬೇರೆಯಾಗಿ 449 ಕೊಡುವವರು 11 ಗಿರಾಕಿಗಳು. ಒಟ್ಟಾದರೆ ತಿಂಗಳಿಗೆ 4,939 ಕೊಡುವ ಒಬ್ಬ ಗಿರಾಕಿ. ಮಳೆ ನಿಂತ ಮೇಲೆ ಇವರು ಬಿಳಿ ಹಾಳೆಯಲ್ಲಿ ಬರೆದು ಕೇಬಲಿನವರ ಸಹಿ ಹಾಕಿಸಿಕೊಂಡದ್ದು ದರ ಇಳಿಸುವ ಮಾತನ್ನಲ್ಲ. ದರದಲ್ಲಿ ಇಳಿಸಲು ಅವರ ಬಳಿ ಏನೂ ಇಲ್ಲ, ಹಿಂಡಿದರೆ ಹುಡುಗನನ್ನು ಬಿಡಿಸುತ್ತಾರೆ.

ಕೇಳಿಕೊಂಡದ್ದು ಇಷ್ಟು. ಮುಖ್ಯದಾರಿಯ ಕೇಬಲು ಬದಲಿಸುವಾಗ ಎರಡು ಎಳೆ ಹೆಚ್ಚಿನದು ಇರಲಿ, ಕಡಿದ ದಿನ ಬೇರೆ ಎಳೆಗೆ ಬದಲಿಸಿ ಲೈನು ಕೊಟ್ಟು ಬಿಸಿಲಿಗೆ ದುರಸ್ತಿ ಮಾಡಬಹುದು. ಕೈಯಲ್ಲಿ ಒತ್ತಿದ ಆರು ಜೋಡಣೆಗಳನ್ನು ಕಿತ್ತು ಯಂತ್ರದಲ್ಲಿ ಬೆಸೆಯಬೇಕು. ಈ ಒಂದೇ ಕೆಲಸದಿಂದ ಹೆಚ್ಚುಕಡಿಮೆ 3 ಡಿಬಿ ವಾಪಸು ಬರುತ್ತದೆ. ಮುಖ್ಯರಸ್ತೆಯಲ್ಲಿ 1:8ರ ಬದಲು 1:4 ಹಾಕಲು ಸಾಧ್ಯವಾದರೆ ಇನ್ನೂ 3.5 ಉಳಿಯುತ್ತದೆ, ಅದಕ್ಕೆ ಒಎಲ್‌ಟಿಯ ಬಾಯಿ (ಪೋರ್ಟ್) ಹೆಚ್ಚು ಬೇಕಾಗುವುದರಿಂದ ಕಂಪನಿ ಒಪ್ಪುವುದು ಕಷ್ಟ, ಕೇಳಿದರೆ ನಷ್ಟವಿಲ್ಲ. ಕಂಬದಿಂದ ಮನೆಗೆ ಬರುವ ತಂತಿಯನ್ನು ಅಡಿಕೆ ಮರಕ್ಕೆ ಕಟ್ಟಬಾರದು, ಗಾಳಿಗೆ ಓಲಾಡಿ ಕಟ್ಟಿದಲ್ಲೇ ಬಳುಕಿ ಒಳಗಿನ ಗಾಜು ಒಡೆಯುತ್ತದೆ. ಬದಲಿಗೆ ಮನೆಯವರೇ ಜಿಐ ಪೈಪು ನೆಟ್ಟುಕೊಡುತ್ತಾರೆ. ಆ ತಂತಿಯ ದುಡ್ಡನ್ನು ಮನೆಯವರೇ ಕೊಟ್ಟು ರಶೀದಿ ಪಡೆಯುತ್ತಾರೆ. ನಾಳೆ ಇನ್ನೊಂದು ಕಂಪನಿ ಕಂಬದವರೆಗೆ ಬಂದರೆ ಅಂಗಳದೊಳಗಿನ ತಂತಿ ಯಾರದೆಂಬ ಜಗಳ ಇರುವುದಿಲ್ಲ. ಪೆಟ್ಟಿಗೆಗೆ ಠೇವಣಿ ಕೊಟ್ಟವರು ಅದರ ರಶೀದಿಯನ್ನೂ ಬೇರೆಯಾಗಿ ಪಡೆದರು. ವರ್ಷದ ದುಡ್ಡು ಮುಂಗಡ ಕಟ್ಟಿದರೆ ಒಂದು ತಿಂಗಳು ಉಚಿತ ಎಂಬ ಆಮಿಷವನ್ನು ಒಂದು ಮಳೆಗಾಲ ಕಳೆಯುವವರೆಗೆ ಯಾರೂ ಮುಟ್ಟಲಿಲ್ಲ, ಏಕೆಂದರೆ ತಿಂಗಳು ತಿಂಗಳು ಕಟ್ಟುವ ಗಿರಾಕಿಯ ಫೋನನ್ನು ಕೇಬಲಿನವರು ಬೇಗ ಎತ್ತುತ್ತಾರೆ.

ತೋಡಿನ ಬದಿಯ 23ನೇ ಕಂಬದಲ್ಲಿ ಈಗ ಸ್ಪ್ಲಿಟರ್ ಬಾಕ್ಸಿದೆ, ಬಾಯಿ ಕೆಳಗೆ ಮಾಡಿ ಕಟ್ಟಿದ್ದು, ನೀರು ನಿಲ್ಲದಂತೆ. ಅದರ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬೆಸೆದ ದಿನಾಂಕ, ಅದರ ಕೆಳಗೆ ಕೊನೆಯ ಮನೆಯ ಅಂಕಿ: −23.1. ಮುಂದಿನ ಪತ್ತನಾಜೆಯ ಹೊತ್ತಿಗೆ ಒಮ್ಮೆ, ಆಟಿ ಕಳೆದ ಮೇಲೆ ಇನ್ನೊಮ್ಮೆ ಅಳೆದು ಬರೆಯಲು ಪಕ್ಕದಲ್ಲಿ ಜಾಗ ಬಿಟ್ಟಿದ್ದಾರೆ.